ನೋಜಲ್ ಮೇಲಿನ ಗುಲಾಬಿ ಚುಕ್ಕೆ

ಸವದತ್ತಿಯ ಮುಕುಂದ ಅಗ್ನಿಹೋತ್ರಿ ಯಾರನ್ನೂ ನಂಬುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವನು ಅದನ್ನು ಮುಚ್ಚಿಟ್ಟವನೂ ಅಲ್ಲ. ಉಪನೋಂದಣಿ ಕಚೇರಿಯ ಎದುರಿಗೆ ಕುಳಿತು ಮೂವತ್ತು ವರ್ಷ ಖರೀದಿ ಪತ್ರ, ಆಸ್ತಿ ಪಾಲಿನ ವಾಟಣಿ ಪತ್ರ ಬರೆದ ಬಾಂಡ್ ರೈಟರ್ ಅವನು. ಅಣ್ಣ ತಮ್ಮನಿಗೆ, ಅಳಿಯ ಮಾವನಿಗೆ ನಗುನಗುತ್ತಲೇ ಟೋಪಿ ಹಾಕುವುದನ್ನು ದಿನಾ ಕಣ್ಣಾರೆ ಕಂಡ ಮನುಷ್ಯ ಇನ್ನು ಹೇಗಾಗಬೇಕು? ತಾನು ಬರೆದ ಪತ್ರದ ಪ್ರತಿ ಹಾಳೆಯ ಅಡಿಯಲ್ಲೂ ಒಂದು ಪುಟ್ಟ ಸಹಿ ಗೀಚುತ್ತಿದ್ದ. ನಡುವಿನ ಹಾಳೆಯನ್ನು ಯಾರಾದರೂ ಎಗರಿಸಿ ಬೇರೆಯದನ್ನು ಸೇರಿಸಿದರೆ ಸಿಕ್ಕಿಬೀಳಲಿ ಎಂದು.

ಆ ಚಟ ಮನೆಗೂ ಬಂದಿತ್ತು. ಗಿರಣಿಗೆ ಗೋಧಿ ಒಯ್ದರೆ ಹಿಟ್ಟಾಗುವವರೆಗೂ ಪಕ್ಕದಲ್ಲೇ ನಿಂತು, ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದ. ದರ್ಜಿಗೆ ಅಂಗಿಯ ಬಟ್ಟೆ ಕೊಡುವ ಮೊದಲು ಅಂಚಿನಲ್ಲಿ ಪೆನ್ಸಿಲಿನಿಂದ ಸಹಿ ಮಾಡುತ್ತಿದ್ದ. ಹೆಂಡತಿ ಸುಚೇತಾ ಮೊದಮೊದಲು ನಾಚಿಕೆಯಿಂದ ಸಾಯುತ್ತಿದ್ದಳು, ಆಮೇಲೆ ನಗುವುದಕ್ಕೆ ಕಲಿತಳು.

ಗಾಡಿಯ ವಿಷಯದಲ್ಲಂತೂ ಕೇಳುವುದೇ ಬೇಡ. ಗ್ಯಾರೇಜಿನಲ್ಲಿ ಬಿಟ್ಟ ಗಾಡಿ ಹೊರಗೆ ಬರುವಾಗ ಅದೇ ಬಣ್ಣದ ಬೇರೆ ಗಾಡಿಯಾಗಿರುತ್ತದೆ ಎಂದು ಅವನ ಖಾತ್ರಿ. ಹಾಗಾಗಿ ಅವನ ಗಾಡಿ ಗ್ಯಾರೇಜಿಗೆ ಹೋಗುತ್ತಿರಲಿಲ್ಲ, ಗ್ಯಾರೇಜೇ ಮನೆಗೆ ಬರುತ್ತಿತ್ತು. ಧಾರವಾಡ ರಸ್ತೆಯಲ್ಲಿ ಸಣ್ಣ ಗ್ಯಾರೇಜು ಇಟ್ಟಿದ್ದ ಶಟ್ಟೆಪ್ಪ ರವಿವಾರ ಬೆಳಿಗ್ಗೆ ಸಾಮಾನಿನ ಪೆಟ್ಟಿಗೆಯನ್ನು ಸೈಕಲ್ಲಿಗೆ, ಕೆಲವು ವರ್ಷಗಳ ಮೇಲೆ ಸ್ಕೂಟರಿಗೆ ಕಟ್ಟಿಕೊಂಡು ಬಂದು, ಅಂಗಳದ ಬೇವಿನ ಮರದ ಕೆಳಗೆ ಬಾನೆಟ್ ಎತ್ತುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಮೊದಲ ವರ್ಷ ಶಟ್ಟೆಪ್ಪನಿಗೆ ಚಹಾ ಬೇರೆ ಕಪ್ಪಿನಲ್ಲಿ ಬರುತ್ತಿತ್ತು. ಆ ಕಪ್ಪು ಯಾವಾಗ ಒಳಗಿನ ಕಪ್ಪುಗಳ ಜೊತೆ ಸೇರಿತೋ, ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಮುಕುಂದ, ಶಟ್ಟೆಪ್ಪ ಇಬ್ಬರೂ ಗಮನಿಸಿದ್ದರು.

ಆ ಗಾಡಿ ನಮ್ಮ ದೇಶದ್ದೇ, ಬಿಳಿಯದು, ಸರಳ ಮನಸ್ಸಿನದು. ಬಾನೆಟ್ ಎತ್ತಿದರೆ ಇಂಜಿನ್ನೆಲ್ಲ ಕಣ್ಣಿಗೆ ಬೀಳುತ್ತಿತ್ತು, ಸಂದಿಯಲ್ಲಿ ನೆಲವೂ ಕಾಣುತ್ತಿತ್ತು. ನಟ್ಟು ಬಿಚ್ಚುವ ನಾಲ್ಕು ಪಾನಾ, ಒಂದು ಇಕ್ಕಳ, ಒಂದು ಸ್ಕ್ರೂಡ್ರೈವರ್ ಇದ್ದರೆ ಮುಗಿಯಿತು. ಒಮ್ಮೆ ಪೆಟ್ರೋಲ್ ಟ್ಯಾಂಕ್ ಸೋರಿದಾಗ ತೂತಿಗೆ ಬಟ್ಟೆ ಒಗೆಯುವ ಸೋಪು ಮೆತ್ತಿ ರಾಮದುರ್ಗಕ್ಕೆ ಹೋಗಿ ಮದುವೆಯ ಊಟ ಮುಗಿಸಿ ಬಂದಿದ್ದರು. ಮುಕುಂದ ಸುಮ್ಮನೆ ನಿಲ್ಲುವವನಲ್ಲ, ಅಂಗಿ ಕಳಚಿಟ್ಟು ಜನಿವಾರವನ್ನು ಕಿವಿಗೆ ಸುತ್ತಿ ತಾನೂ ಗಾಡಿಯ ಕೆಳಗೆ ನುಸುಳುತ್ತಿದ್ದ. ಅರ್ಧ ಕೆಲಸದ ಖುಷಿ, ಅರ್ಧ ಕಾವಲು.

ಆದರೆ ಹತ್ತು ಗಂಟೆಯಾದರೆ ಅವನು ಪೂಜೆಗೆ ಒಳಗೆ ಹೋಗಲೇಬೇಕು. ತಂದೆಯ ಕಾಲದಿಂದ ಬಂದ ದೇವರ ಪೆಟ್ಟಿಗೆ ಇತ್ತು, ತಪ್ಪಿಸುವ ಹಾಗಿರಲಿಲ್ಲ. ಆ ಒಂದು ಗಂಟೆ ಶಟ್ಟೆಪ್ಪ ಒಬ್ಬನೇ ಅಂಗಳದಲ್ಲಿ. ಆ ಒಂದು ಗಂಟೆಗಾಗಿಯೇ ಮುಕುಂದ ಒಂದು ಉಪಾಯ ಮಾಡಿದ್ದ. ಸುಚೇತಾಳ ಕೆಂಪು ಉಗುರುಬಣ್ಣದ ಸೀಸೆ ತೆಗೆದುಕೊಂಡು, ಕಾರ್ಬೊರೇಟರಿನ ಅಡಿಗೆ, ಡೈನಮೋದ ಬೆನ್ನಿಗೆ, ಯಾರ ಕಣ್ಣಿಗೂ ಬೀಳದ ಕಡೆ ಜೋಳದ ಕಾಳಿನಷ್ಟು ಚುಕ್ಕೆ ಇಟ್ಟಿದ್ದ. ಶಟ್ಟೆಪ್ಪ ಹೋದ ಮೇಲೆ ಕೈಗನ್ನಡಿ ಹಿಡಿದು ಬಗ್ಗಿ ನೋಡುವನು. ಚುಕ್ಕೆ ಇದ್ದರೆ ಸಾಮಾನು ತನ್ನದೇ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಚುಕ್ಕೆಯೂ ಕಾಣೆಯಾಗಲಿಲ್ಲ. ಅದಕ್ಕೇ ಶಟ್ಟೆಪ್ಪ ಆ ಊರಿನಲ್ಲಿ ಮುಕುಂದ ನಂಬಿದ ಒಬ್ಬನೇ ಮನುಷ್ಯನಾದ. ಮುಕುಂದನಿಗೆ ಮೂತ್ರಪಿಂಡದ ಹರಳಿನ ಆಪರೇಷನ್ ಆದಾಗ ಧಾರವಾಡದ ಆಸ್ಪತ್ರೆಯಲ್ಲಿ ಮೂರು ದಿನ ಕುಳಿತವನು ಶಟ್ಟೆಪ್ಪ. ಶಟ್ಟೆಪ್ಪ ಜಾಗ ಕೊಂಡಾಗ ಪತ್ರ ಬರೆದವನು ಮುಕುಂದ, ಪ್ರತಿ ಹಾಳೆಗೂ ಸಹಿ ಹಾಕಿ. ಇಂಥ ಸ್ನೇಹ ತನಗೆ ಇನ್ನೊಂದಿಲ್ಲ ಎಂದು ಅವನು ಸುಚೇತಾಳ ಎದುರು ಎಷ್ಟೋ ಸಲ ಅಂದಿದ್ದ. ಅಂದ ಮೇಲೂ ಕನ್ನಡಿ ಹಿಡಿಯುವುದನ್ನು ಬಿಟ್ಟಿರಲಿಲ್ಲ.

ಹೋದ ದೀಪಾವಳಿಗೆ ವಿಲಾಯತಿ ಗಾಡಿ ಬಂತು. ಕಿತ್ತೂರಿನ ಹೈವೇ ಬದಿಯ ಧಾಬಾದ ಮಾಲೀಕ ಬಸಲಿಂಗಪ್ಪ ತನ್ನ ಜರ್ಮನಿಯ ಗಾಡಿಯನ್ನು ಮಾರುತ್ತಿದ್ದ. ಕಾಗದಪತ್ರವನ್ನು ಮೂರು ಸಲ ಓದಿ, ಹಿಂದಿನ ಮಾಲೀಕರ ಹೆಸರುಗಳನ್ನೆಲ್ಲ ಪತ್ತೆ ಹಚ್ಚಿ ಮುಕುಂದ ಅದನ್ನು ಕೊಂಡ. ಯಾಕೆ ಕೊಂಡ ಎಂದರೆ ಆಸೆಗೆ. ಐವತ್ತೆಂಟರ ವಯಸ್ಸಿನಲ್ಲಿ ಗಂಡಸಿಗೆ ಇಂಥದ್ದೊಂದು ಆಸೆ ಹುಟ್ಟಿದರೆ ಹೆಂಡತಿಯ ಮಾತು ಕಿವಿಗೆ ಬೀಳುವುದಿಲ್ಲ. ಹಳೆಯ ಬಿಳಿ ಗಾಡಿಯನ್ನು ಮಾತ್ರ ಮಾರಲಿಲ್ಲ, ಹೊಸದರ ಮೇಲೆ ಅಷ್ಟು ಭರವಸೆ ಇರಲಿಲ್ಲ.

ಮೊದಲ ರವಿವಾರವೇ ಇಬ್ಬರಿಗೂ ಬೆವರು ಇಳಿಯಿತು. ಬಾನೆಟ್ ಎತ್ತಿದರೆ ಇಂಜಿನ್ನೇ ಇಲ್ಲ, ಕರಿ ಪ್ಲಾಸ್ಟಿಕ್ಕಿನ ಮುಚ್ಚಳ.

"ಮುಚ್ಚಿಟ್ಟಾರಂದ್ರ ಒಳಗ ಏನೋ ಅದ," ಅಂದ ಮುಕುಂದ.

"ಏನೂ ಇಲ್ರಿ ರಾಯರ, ನಮ್ಮಂಥವ್ರು ಕೈ ಹಾಕಬಾರದಂತ ಮುಚ್ಯಾರ," ಅಂದ ಶಟ್ಟೆಪ್ಪ.

ಮುಚ್ಚಳ ತೆಗೆಯಲು ಪಾನಾ ಹಿಡಿದರೆ ನಟ್ಟಿನ ತಲೆ ಆರು ಮೂಲೆಯದಲ್ಲ, ನಕ್ಷತ್ರದ ಆಕಾರದ್ದು. ಬೆಳಗಾವಿಯಿಂದ ನಕ್ಷತ್ರದ ಪಾನಾಗಳ ಒಂದು ಪೆಟ್ಟಿಗೆ ತರಿಸಿದರು. ಅದರಲ್ಲಿ ಹನ್ನೆರಡು ಅಳತೆ ಇದ್ದವು, ಗಾಡಿಗೆ ಬೇಕಾದದ್ದು ಹದಿಮೂರನೆಯದು. ಮುಂದಿನ ದೀಪದ ಬಲ್ಬು ಸುಟ್ಟಾಗ ಇಡೀ ಬಂಪರು ಕಳಚಬೇಕಾಯಿತು, ಬೆಳಿಗ್ಗೆ ಎಂಟಕ್ಕೆ ಶುರುವಾದದ್ದು ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಬಿಳಿ ಗಾಡಿಯ ಬಲ್ಬನ್ನು ಮುಕುಂದ ಒಂದು ಬೀಡಿ ಸೇದುವಷ್ಟರಲ್ಲಿ ಬದಲಿಸಬಲ್ಲ. ಬ್ಯಾಟರಿ ಹೊಸದು ಹಾಕಿದರೆ ಗಾಡಿ ಅದನ್ನು ಒಪ್ಪಲಿಲ್ಲ. ಹೊಸ ಬ್ಯಾಟರಿ ಬಂದಿದೆ ಎಂದು ಅದರೊಳಗಿನ ಕಂಪ್ಯೂಟರಿಗೆ ಹೇಳಬೇಕಂತೆ. ಹೇಳಲು ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ಹಿಡಿದು ಒಬ್ಬ ಬರಬೇಕಂತೆ.

"ಹೊಸಾ ಸೊಸಿ ಬಂದಾಳ್ರಿ ಅಂತ ಅತ್ತಿಗೆ ಹೋಗಿ ಹೇಳಿದಂಗ ನೋಡ್ರಿ," ಎಂದು ಶಟ್ಟೆಪ್ಪ ನಕ್ಕ. ಮುಕುಂದನಿಗೆ ನಗು ಬರಲಿಲ್ಲ. ಹೇಳುವವನೊಬ್ಬ ಹುಬ್ಬಳ್ಳಿಯಿಂದ ಬರುತ್ತಾನೆ ಎಂದರೆ, ಅವನು ಏನು ಹೇಳಿದ ಎಂದು ತನಗೆ ತಿಳಿಯುವ ಬಗೆ ಯಾವುದು? ಅವನಿಗೆ ಚಿಂತೆ ಹತ್ತಿದ್ದು ಅದಕ್ಕೆ. ದೇಸಿ ಗಾಡಿಯಲ್ಲಿ ಮೋಸವಾದರೂ ಕಣ್ಣೆದುರು ಆಗುತ್ತಿತ್ತು.

ಬೇಸಿಗೆಯ ಹೊತ್ತಿಗೆ ಸ್ಟಿಯರಿಂಗಿನ ಮುಂದೆ ಎಚ್ಚರಿಕೆಯ ಒಂದು ಹಳದಿ ದೀಪ ಹೊತ್ತಿಕೊಂಡಿತು. ಎಲ್ಲಮ್ಮನ ಗುಡ್ಡದ ಏರಿನಲ್ಲಿ ಉಸಿರು ಕಟ್ಟಿ ತೆವಳಿತು, ಭಕ್ತರ ಎತ್ತಿನ ಚಕ್ಕಡಿಯೊಂದು ಅದನ್ನು ಹಿಂದೆ ಹಾಕಿ ಹೋಯಿತು. ಚಕ್ಕಡಿಯವರು ಕೈ ಬೀಸಿದ್ದನ್ನು ಮುಕುಂದ ಮರೆಯಲಾರ. ಶಟ್ಟೆಪ್ಪ ಎರಡು ದಿನ ಕಿವಿಗೊಟ್ಟು ಕೇಳಿ ಹೇಳಿದ, ನೋಜಲ್ ಕಟ್ಟಿಕೊಂಡಿವೆ ಎಂದು. ನೋಜಲ್ ಎಂದರೆ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಕೊಳವೆ. ನಾಲ್ಕಿರುತ್ತವೆ.

"ಬೈಲಹೊಂಗಲದಾಗ ಡೀಸೆಲ್ ಪಂಪ್ ಸರ್ವಿಸಿನ ಅಂಗಡಿ ಐತ್ರಿ. ಅಲ್ಲಿ ಮಷಿನ್‌ಗೆ ಹಾಕಿ ತೊಳಸಬೇಕು. ಅಂಗಳದಾಗ ಆಗೂ ಕೆಲಸ ಅಲ್ರಿ ಇದು."

"ಮತ್ತ ನಾನೂ ಬರತೇನಿ."

"ಎರಡ ದಿವಸ ಹಿಡಿತೈತ್ರಿ. ಕಚೇರಿ ಬಿಟ್ಟ ಬರ್ತೀರೇನು?"

ಕಚೇರಿ ಬಿಡುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಮುಕುಂದನ ಗಾಡಿಯ ಸಾಮಾನು ಅಂಗಳ ದಾಟಿ ಹೊರಗೆ ಹೊರಟಿತು. ಗುರುವಾರ ಶಟ್ಟೆಪ್ಪ ನೋಜಲ್ ಕಳಚಿಟ್ಟು ಕೈ ತೊಳೆಯಲು ಹೋದಾಗ ಮುಕುಂದ ಸರಸರನೆ ನಾಲ್ಕಕ್ಕೂ ಚುಕ್ಕೆ ಇಟ್ಟ. ಕೆಂಪು ಸೀಸೆ ಒಣಗಿಹೋಗಿದ್ದರಿಂದ ಸುಚೇತಾಳ ಗುಲಾಬಿ ಬಣ್ಣದ್ದು ತಂದಿದ್ದ. ಸಾಲದೆಂದು ಫೋನಿನಲ್ಲಿ ನಾಲ್ಕರದ್ದೂ ಫೋಟೋ ತೆಗೆದುಕೊಂಡ. ಶಟ್ಟೆಪ್ಪ ಬಂದು ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ರವಿವಾರ ಮರಳಿ ತಂದ. ಬಟ್ಟೆ ಬಿಚ್ಚಿದರೆ ನಾಲ್ಕೂ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಮುಕುಂದ ಒಂದೊಂದನ್ನೇ ಕೈಗೆತ್ತಿಕೊಂಡು ತಿರುಗಿಸಿದ. ಗುಲಾಬಿ ಚುಕ್ಕೆ ಇರಲಿಲ್ಲ. ಒಂದರ ಮೇಲೂ ಇರಲಿಲ್ಲ.

ಅವನಿಗೆ ಇಪ್ಪತ್ತೆರಡು ವರ್ಷ ಕಾದದ್ದು ಕೊನೆಗೂ ನಡೆಯಿತು ಎಂದು ಅನ್ನಿಸಿತೇ ಹೊರತು, ಬೇರೆ ಏನಾದರೂ ಆಗಿರಬಹುದೆಂದು ಅನ್ನಿಸಲಿಲ್ಲ.

"ಇವು ನಮ್ಮವೇ ಏನೋ ಶಟ್ಟೆಪ್ಪ?"

ಶಟ್ಟೆಪ್ಪ ತಲೆ ಎತ್ತಿ ಅವನನ್ನೇ ನೋಡಿದ.

"ನಿಮ್ಮವೇ ರೀ ರಾಯರ," ಅಂದ. ಆಮೇಲೆ ಬಗ್ಗಿ ನೋಜಲ್ ಕೂಡಿಸತೊಡಗಿದ. ಆ ದಿನ ಒಂದು ಚೇಷ್ಟೆಯ ಮಾತೂ ಆಡಲಿಲ್ಲ, ಚಹಾ ಬಂದರೂ ಅರ್ಧ ಕುಡಿದು ಇಟ್ಟ. ಕಳ್ಳನ ಮನಸ್ಸು ಹುಳ್ಳಗಾಗಿರಬೇಕು ಎಂದು ಮುಕುಂದ ಲೆಕ್ಕ ಹಾಕಿದ.

ಗಾಡಿ ಚಾಲೂ ಆಯಿತು. ಆದರೆ ಚಳಿಜ್ವರ ಬಂದವರಂತೆ ಗಡಗಡ ನಡುಗಿತು.

"ಹಿಂಗ ಇರತೈತ್ರಿ ಒಂದು ವಾರ. ಒಂದೊಂದು ನೋಜಲ್‌ಗೂ ಒಂದೊಂದು ನಂಬರ್ ಐತಿ, ಅದನ್ನ ಕಂಪ್ಯೂಟರಿಗೆ ಹೇಳಬೇಕು. ಹುಬ್ಬಳ್ಳಿಯವಗ ಫೋನ್ ಮಾಡೇನಿ, ಮುಂದಿನ ವಾರ ಬರತಾನಂತ," ಎಂದು ಶಟ್ಟೆಪ್ಪ ಪೆಟ್ಟಿಗೆ ಕಟ್ಟಿಕೊಂಡು ಹೋದ.

ಬಿಳಿ ಗಾಡಿ ಹಾಗಲ್ಲ. ಜೋಡಿಸಿದರೆ ಓಡುತ್ತದೆ, ಇಲ್ಲವೆಂದರೆ ಇಲ್ಲ, ನಡುವೆ ಹುಬ್ಬಳ್ಳಿಯವನ ಮಾತಿಲ್ಲ. ಮುಕುಂದನಿಗೆ ಈಗ ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳತೊಡಗಿತು. ಒಳ್ಳೆಯ ನೋಜಲ್ ಎತ್ತಿಕೊಂಡು, ಯಾವುದೋ ಸತ್ತ ಗಾಡಿಯ ಹಳೆಯವನ್ನು ತಿಕ್ಕಿ ಹೊಳೆಸಿ ತಂದಿದ್ದಾನೆ. ಗಾಡಿ ನಡುಗುವುದಕ್ಕೆ ಕಂಪ್ಯೂಟರಿನ ಹೆಸರು. ಹೋದ ತಿಂಗಳು ಶಟ್ಟೆಪ್ಪನ ಗ್ಯಾರೇಜಿಗೆ ಹೊಸ ಬೋರ್ಡು ಬಂತಲ್ಲ, ಅದು ಎಲ್ಲಿಂದ ಬಂತು? ಮಂಗಳವಾರ ಅರ್ಧ ದಿನ ಕೆಲಸ ಬಿಟ್ಟು, ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋದ. ಆ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕುಳಿತು ಒಂದು ತಾಸು ನೋಡಿದ. ತಗಡಿನ ತಟ್ಟೆಯಲ್ಲಿ ರಾಶಿ ನೋಜಲ್ ಬಿದ್ದಿದ್ದವು. ಪಂಪ್ ತೊಳೆಯುವ ಅಂಗಡಿಯಲ್ಲಿ ನೋಜಲ್ ಅಲ್ಲದೆ ಬದನೆಕಾಯಿ ಇರುತ್ತದೆಯೇ? ಆದರೆ ಮುಕುಂದನಿಗೆ ಆ ರಾಶಿ ಕಂಡದ್ದೇ ಸಾಕಾಯಿತು.

ಶಟ್ಟೆಪ್ಪನನ್ನು ಎದುರಿಗೆ ಕೂರಿಸಿ ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವುದು ಅವನ ಜಾಯಮಾನವಲ್ಲ. ಬುಧವಾರ ಕಚೇರಿ ಎದುರಿನ ಚಹಾದಂಗಡಿಯಲ್ಲಿ, ಜೊತೆಯ ಬಾಂಡ್ ರೈಟರ್ ಸದಾಶಿವನ ಕಿವಿಯಲ್ಲಿ ಹೇಳಿದ.

"ಯಾರ ಮುಂದೂ ಆಡಬ್ಯಾಡ. ಶಟ್ಟೆಪ್ಪನ ಕೈ ಶುದ್ಧ ಇಲ್ಲ. ನನ್ನ ಗಾಡಿ ಸಾಮಾನು ಬದ್ಲಿ ಮಾಡ್ಯಾನ."

ಯಾರ ಮುಂದೂ ಆಡಬೇಡ ಎಂದ ಮಾತು ಊರು ಸುತ್ತಲು ಎಷ್ಟು ಹೊತ್ತು ಬೇಕು? ತಹಶೀಲ್ದಾರ ಕಚೇರಿಯ ಜೀಪಿನ ಡ್ರೈವರ್ ಹನುಮಪ್ಪ ಪಕ್ಕದ ಬೆಂಚಿನಲ್ಲೇ ಚುರುಮರಿ ತಿನ್ನುತ್ತಿದ್ದ. ಮುಕುಂದರಾಯರೇ ಹಾಗೆಂದರೆ ಸುಳ್ಳಿರಲಾರದು ಎಂದು ಶುಕ್ರವಾರ ಅವನು ಜೀಪನ್ನು ಶಟ್ಟೆಪ್ಪನ ಗ್ಯಾರೇಜಿನಿಂದ ಎತ್ತಿ ಬೇರೆ ಕಡೆ ಬಿಟ್ಟ. ಶನಿವಾರ ಎರಡು ಟ್ರ್ಯಾಕ್ಟರು ಹೋದವು. ಸುದ್ದಿ ಕೇಳಿದ ಮುಕುಂದ ಅರ್ಧ ಬರೆದ ಪತ್ರವನ್ನು ಪಕ್ಕಕ್ಕಿಟ್ಟ. ಆದರೆ ಕಳವು ಕಳವೇ ಎಂದು ತನಗೆ ತಾನೇ ಗಟ್ಟಿ ಮಾಡಿಕೊಂಡ.

ರವಿವಾರ ಶಟ್ಟೆಪ್ಪ ಬರಲಿಲ್ಲ. ಬೇವಿನ ಮರದ ಕೆಳಗೆ ಎರಡೂ ಗಾಡಿ ನಿಂತಿದ್ದವು. ಸುಚೇತಾ ಮೂರು ಕಪ್ಪು ಚಹಾ ಮಾಡಿ, ಒಂದನ್ನು ಮರಳಿ ಪಾತ್ರೆಗೆ ಸುರಿದಳು.

"ಏನು ಮಾಡಿಟ್ಟೀರಿ ನೀವು?" ಅಂದಳು. ಮುಕುಂದ ಹೇಳಿದ. ಪೂರ್ತಿ ಕೇಳಿ ಅವಳು ಸಿಟ್ಟಿನಿಂದ ಕೆಂಪಾದಳು.

"ಫೋಟೋ ತಗದೀನಿ ಅಂತೀರಿ. ಒಂದೊಂದಕ್ಕೂ ನಂಬರ್ ಇರತದಂತ ಅವನೇ ಹೇಳ್ಯಾನ. ಫೋಟೋದಾಗಿನ ನಂಬರ್ ಗಾಡ್ಯಾಗಿನ ನಂಬರಿಗೆ ಹೊಂದತದೇನು ನೋಡ್ಲಿಕ್ಕೆ ಆಗಲಿಲ್ಲ? ಊರಾಗ ಡಂಗುರ ಸಾರಲಿಕ್ಕೆ ಆತು?"

ಮೂವತ್ತು ವರ್ಷ ದಸ್ತಾವೇಜು ನಂಬರ್ ತಾಳೆ ನೋಡಿದ ಮನುಷ್ಯನಿಗೆ ಇದು ಹೊಳೆದಿರಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದರೆ, ಚುಕ್ಕೆಯ ಪಕ್ಕದಲ್ಲೇ ಲೋಹದಲ್ಲಿ ಕೆತ್ತಿದ ಸಣ್ಣ ಅಂಕಿಗಳು ಇದ್ದವು. ಮುಕುಂದ ನಾಲ್ಕನ್ನೂ ಕಾಗದದ ಮೇಲೆ ಬರೆದುಕೊಂಡು, ಅಂಗಿ ಕಳಚಿ, ನಕ್ಷತ್ರದ ಪಾನಾ ಹಿಡಿದು ಬಾನೆಟ್ ಎತ್ತಿದ.

ಆ ಗಾಡಿಯ ಮೇಲೆ ಒಬ್ಬನೇ ಕೈ ಮಾಡಿದ್ದು ಅದೇ ಮೊದಲು. ಕರಿ ಮುಚ್ಚಳದ ಒಂದು ಕೊಂಡಿ ಮುರಿಯಿತು. ಒಂದು ನಟ್ಟು ಕೈ ಜಾರಿ ಒಳಗೆಲ್ಲೋ ಬಿತ್ತು. ಬಿಳಿ ಗಾಡಿಯಾಗಿದ್ದರೆ ನೆಲಕ್ಕೆ ಬೀಳುತ್ತಿತ್ತು, ಇಲ್ಲಿ ಕೆಳಗೂ ಒಂದು ಮುಚ್ಚಳ ಬಡಿದಿದ್ದಾರೆ, ಅಲ್ಲಿ ಕುಳಿತು ಅಣಕಿಸಿತು. ಫೋನಿನಲ್ಲಿ ಹಚ್ಚಿದ ವಿಡಿಯೋದವನು ಯಾವುದೋ ಭಾಷೆಯಲ್ಲಿ ನಗುತ್ತ ಎರಡು ನಿಮಿಷದಲ್ಲಿ ಬಿಚ್ಚಿದ್ದನ್ನು ಬಿಚ್ಚಲು ಮುಕುಂದನಿಗೆ ಎರಡು ತಾಸು ಬೇಕಾಯಿತು. ಹತ್ತು ಹೊಡೆದದ್ದು ಗೊತ್ತಾಗಲಿಲ್ಲ, ದೇವರು ಪೆಟ್ಟಿಗೆಯಲ್ಲೇ ಉಳಿದ.

ಮೊದಲ ನೋಜಲ್ ಹೊರಗೆ ಬಂತು. ನಂಬರ್ ಅದೇ.

ಒಂದನ್ನು ಸರಿಯಾಗಿ ಕೊಟ್ಟು ಮೂರನ್ನು ಎಗರಿಸಿರಬಹುದಲ್ಲ? ಎರಡನೆಯದನ್ನು ಕಿತ್ತ. ಅದೂ ಅದೇ. ಮೂರನೆಯದು ಅದೇ, ನಾಲ್ಕನೆಯದೂ ಅದೇ. ಬೆರಳು ಸುಲಿದು ರಕ್ತ ಬಂದಿತ್ತು. ನಾಲ್ಕೂ ತನ್ನವೇ ಎಂದು ಖಾತ್ರಿಯಾದಾಗ ಅವನಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು.

"ಮತ್ತ ಚುಕ್ಕಿ ಎಲ್ಲಿ ಹೋತು?" ಎಂದು ಸುಚೇತಾಳನ್ನೇ ಕೇಳಿದ.

"ಥಿನ್ನರಿನ್ಯಾಗ ತೊಳೆದ್ರ ಉಗುರಿನ ಬಣ್ಣ ಉಳೀತದೇನ್ರಿ? ಇಷ್ಟೂ ಗೊತ್ತಿಲ್ಲ?"

ಮುಕುಂದ ಬೇವಿನ ಕಟ್ಟೆಯ ಮೇಲೆ ಕುಳಿತ. ಥಿನ್ನರಿನಲ್ಲಿ ತೊಳೆದರೆ ಉಳಿಯುವುದಿಲ್ಲ. ಬಿಳಿ ಗಾಡಿಯ ಕಾರ್ಬೊರೇಟರನ್ನು ಶಟ್ಟೆಪ್ಪ ಮೂರು ತಿಂಗಳಿಗೊಮ್ಮೆ ಥಿನ್ನರಿನಲ್ಲಿ ಮುಳುಗಿಸಿ ತೊಳೆಯುತ್ತಿದ್ದ. ಇಪ್ಪತ್ತೆರಡು ವರ್ಷ ತೊಳೆದಿದ್ದ. ಇಪ್ಪತ್ತೆರಡು ವರ್ಷ ಆ ಕೆಂಪು ಚುಕ್ಕೆ ಅಲ್ಲೇ ಇತ್ತು, ಒಮ್ಮೆಯೂ ಕಾಣೆಯಾಗಿರಲಿಲ್ಲ. ಹೇಗೆ ಉಳಿಯಿತು?

ಅವನು ಎದ್ದು ಅಂಗಿ ಸಿಕ್ಕಿಸಿಕೊಂಡು ಧಾರವಾಡ ರಸ್ತೆಗೆ ನಡೆದೇ ಹೋದ.

ಗ್ಯಾರೇಜಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಗೋಡೆಯ ಮೇಲೆ ಬುದ್ಧನ ಚಿತ್ರದ ಕ್ಯಾಲೆಂಡರು, ಕೆಳಗೆ ಸ್ಟೂಲಿನ ಮೇಲೆ ಶಟ್ಟೆಪ್ಪ. ಪಾನಾಗಳನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ಮುಕುಂದನನ್ನು ಕಂಡು ಎದ್ದು ನಿಂತ, ಇನ್ನೊಂದು ಸ್ಟೂಲು ಒರೆಸಿ ಮುಂದಿಟ್ಟ.

"ಕುಂಡ್ರಿ ರಾಯರ."

ಮುಕುಂದ ಕೂರಲಿಲ್ಲ. "ಚುಕ್ಕಿ ನೀನೇ ಹಚ್ಚತಿದ್ದೇನೋ?" ಅಂದ.

ಯಾವ ಚುಕ್ಕೆ ಎಂದು ಶಟ್ಟೆಪ್ಪ ಕೇಳಲಿಲ್ಲ.

"ಹೌದ್ರಿ."

"ಯಾವಾಗಿಂದ?"

"ಮೊದಲನೇ ವರ್ಷದಿಂದ. ಮೊದಲ ಸಲ ಕಾರ್ಬೊರೇಟರ್ ತೊಳದಾಗ ಕೆಂಪಂದು ಏನೋ ಅರ್ಧ ಹೋತು. ಆ ಮುಂದ ನಾಕ ರವಿವಾರ ನೀವು ನನ್ನ ಕೂಡ ಮಾತಾಡಲಿಲ್ಲ. ಚಹಾ ಬಂತು, ಮಾತು ಬರಲಿಲ್ಲ. ಆಮ್ಯಾಲೆ ಡೈನಮೋದ ಮ್ಯಾಲೂ ಒಂದು ಕೆಂಪು ಕಂಡ್ನಿ, ತಿಳೀತು. ನಮ್ಮ ಮನಿಯಾಕಿ ಸೀತವ್ವನ ಕಡೆಯಿಂದ ಒಂದು ಸೀಸೆ ತರಿಸಿದ್ನಿ. ನೀವು ಪೂಜಾಕ್ಕ ಒಳಗ ಹೋದಾಗ ತೊಳದು, ಒಣಗಿಸಿ, ಇದ್ದ ಜಾಗಾದಾಗ ಇಡತಿದ್ನಿ."

"ನನಗ ಹೇಳಬೇಕಿತ್ತಲ್ಲೋ. ಬೈಬೇಕಿತ್ತು."

"ಏನಂತ ಹೇಳಲ್ರಿ? ನಿಮ್ಮ ಮನಸಿಗೆ ಸಮಾಧಾನ ಆಗತೈತಿ, ನನ್ನ ಕೈಯಿಂದ ಏನ್ ಹೋಗತೈತಿ ಅನಕೊಂಡ್ನಿ. ಹೋಗತಿತ್ರಿ, ಪ್ರತಿ ಸಲ ಏನೋ ಒಂದು ಹೋಗತಿತ್ತು. ಆದ್ರೂ ಹಚ್ಚತಿದ್ನಿ."

"ಈ ಸಲ ಯಾಕ ಹಚ್ಚಲಿಲ್ಲ?"

ಶಟ್ಟೆಪ್ಪ ಕೈಯಲ್ಲಿದ್ದ ಪಾನಾವನ್ನು ಅದರ ಜಾಗದಲ್ಲಿಟ್ಟ.

"ಬೈಲಹೊಂಗಲದಿಂದ ಬರೂಮುಂದ ಸೀತವ್ವಗ ಫೋನ್ ಮಾಡಿದ್ನಿ, ಗುಲಾಬಿ ಬಣ್ಣದ್ದು ಒಂದು ತಂದಿಡು ಅಂತ. ಮನಿಗೆ ಬಂದು ಸೀಸೆ ಕೈಯಾಗ ಹಿಡಕೊಂಡ್ನಿ. ಇಪ್ಪತ್ತೆರಡು ವರ್ಷ ಆತಲ್ಲ, ಇನ್ನ ಬೇಕಾಗಲಿಕ್ಕಿಲ್ಲ ಅಂತ ಇಟ್ಟುಬಿಟ್ಟೆ."

ನಾಚಿಕೆ ಎಂಬುದು ಹೀಗೆ ಮೈಯೆಲ್ಲ ಸುಡುತ್ತದೆ ಎಂದು ಮುಕುಂದನಿಗೆ ಗೊತ್ತಿರಲಿಲ್ಲ. ಅವನಿಗೆ ತಿಳಿದ ದಾರಿ ಒಂದೇ.

"ನಂದು ತಪ್ಪಾತು ಅಂತ ಬರದುಕೊಡತೇನೋ. ಸ್ಟಾಂಪ್ ಕಾಗದದ ಮ್ಯಾಲೆ, ಸಾಕ್ಷಿ ಸಹಿ ಹಾಕಿಸಿ..."

"ಕಾಗದ ತಗೊಂಡು ಎಲ್ಲಿ ಹಚ್ಚಲ್ರಿ? ಚಹಾದಂಗಡ್ಯಾಗ ಆಡಿದ ಮಾತು ಚಹಾದಂಗಡ್ಯಾಗ ತಿರುಗಿ ಆಡ್ರಿ. ಮೂರು ಗಾಡಿ ಹೋದುವು ನಂದು."

ಸೋಮವಾರ ಮುಕುಂದ ಚಹಾದಂಗಡಿಯಲ್ಲಿ ಎದ್ದು ನಿಂತು ಹೇಳಿದ. ಪಿಸುಮಾತಿನಲ್ಲಲ್ಲ, ಬೆಂಚುಗಳೆಲ್ಲ ಕೇಳುವ ಹಾಗೆ ಹೇಳಿದ. ಶಟ್ಟೆಪ್ಪ ಏನೂ ಬದಲಿಸಿಲ್ಲ, ನಂಬರ್ ತಾಳೆ ನೋಡಿದ್ದೇನೆ, ತಪ್ಪು ತನ್ನದು ಎಂದ. ಸದಾಶಿವ ಚಹಾದ ಬಸಿ ಕೆಳಗಿಟ್ಟು ಹತ್ತಿರ ಸರಿದ.

"ಖರೇ ಹೇಳ್ರಿ ರಾಯರ. ಕೇಸು ಗೀಸು ಅಂತ ಹೆದರಿಸ್ಯಾನೇನು?"

"ಏ, ಇಲ್ಲೋ! ನಂದೇ ತಪ್ಪದ ಅಂತ ಹೇಳಲಿಕ್ಕೆ ಹತ್ತೇನಲ್ಲ!"

"ಹೂಂ, ಬಿಡ್ರಿ, ತಿಳೀತು," ಅಂದ ಸದಾಶಿವ. ಪಕ್ಕದ ಬೆಂಚಿನ ಹನುಮಪ್ಪ, ತನಗೂ ತಿಳಿಯಿತು ಎಂಬ ಹಾಗೆ ತಲೆ ಆಡಿಸಿದ. ಮುಕುಂದ ಎಷ್ಟು ಜೋರು ಮಾಡಿದನೋ ಅವರಿಗೆ ಅಷ್ಟು ಅನುಮಾನ ಗಟ್ಟಿಯಾಯಿತು. ತಾನು ಇಷ್ಟು ವರ್ಷ ಜನರ ಮಾತನ್ನು ಕೇಳಿದ್ದೂ ಹೀಗೇ ಎಂದು ಅವನಿಗೆ ಹೊಳೆಯಿತು. ಚಹಾ ಬಿಟ್ಟು ಹೊರಗೆ ಬಂದ.

ಮಾತಿನಿಂದ ಆಗದ್ದು ಕಣ್ಣಿನಿಂದಾದರೂ ಆಗಲಿ ಎಂದು ಮನೆಗೆ ಬಂದವನೇ ಬಿಳಿ ಗಾಡಿಯ ಹಿಂದೆ ಹಗ್ಗ ಬಿಗಿದ. ಸುಚೇತಾ ವಿಲಾಯತಿ ಗಾಡಿಯ ಸ್ಟಿಯರಿಂಗ್ ಹಿಡಿದು ಕುಳಿತಳು. ದೇಸಿ ಗಾಡಿ ವಿಲಾಯತಿ ಗಾಡಿಯನ್ನು ಎಳೆದುಕೊಂಡು, ಹಾಡಹಗಲಲ್ಲಿ, ಬಜಾರದ ನಟ್ಟನಡುವೆ ಹೊರಟಿತು. ಬೇಕೆಂದೇ ಕಚೇರಿಯ ಮುಂದಿನಿಂದ ಹಾಯ್ದ. ಅಂಗಡಿಯವರು ಹೊರಗೆ ಬಂದು ನೋಡಿದರು, ಯಾರೋ ಸೀಟಿ ಹೊಡೆದರು. ಮುಕುಂದ ಅಗ್ನಿಹೋತ್ರಿಯ ಗಾಡಿ ಮೊದಲ ಸಲ ಗ್ಯಾರೇಜಿಗೆ ಹೋಗುವುದನ್ನು ಸವದತ್ತಿ ಕಣ್ಣು ತುಂಬ ನೋಡಿತು.

ಶಟ್ಟೆಪ್ಪ ಹೊರಗೆ ಬಂದು ಹಗ್ಗ ಬಿಚ್ಚಿದ. ಇಬ್ಬರೂ ಸೇರಿ ಗಾಡಿಯನ್ನು ಒಳಗೆ ನೂಕಿದರು.

"ಇಲ್ಲೇ ಬಿಟ್ಟು ಹೋಗತೇನಿ," ಅಂದ ಮುಕುಂದ. "ಎಷ್ಟು ದಿವಸ ಬೇಕೋ ಇಟ್ಟುಕೋ. ನಾ ನಿಲ್ಲೂದಿಲ್ಲ."

ಕೀಲಿಕೈ ಕೊಟ್ಟ. ನಾಲ್ಕು ನೋಜಲ್ ಸುತ್ತಿದ ಬಟ್ಟೆಯ ಗಂಟನ್ನೂ ಕೊಟ್ಟ. ಶಟ್ಟೆಪ್ಪ ಗಂಟನ್ನು ಮೇಜಿನ ಮೇಲೆ ಬಿಚ್ಚಿ, ಒಂದು ನೋಜಲನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದ. ನಿಧಾನವಾಗಿ ಸುತ್ತಲೂ ತಿರುಗಿಸಿದ, ತಲೆ ಕೆಳಗೆ ಮಾಡಿ ಅಡಿಯನ್ನೂ ನೋಡಿದ. ಅದನ್ನಿಟ್ಟು ಎರಡನೆಯದನ್ನು ಎತ್ತಿದ. ಏನು ಹುಡುಕುತ್ತಿದ್ದಾನೆ ಎಂದು ಮುಕುಂದನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಗುರ್ತು ಹಾಕಿಲ್ಲೋ ಶಟ್ಟೆಪ್ಪ," ಅಂದ. "ಖರೇನ ಹಾಕಿಲ್ಲ."

"ಹೂಂ ರೀ," ಅಂದ ಶಟ್ಟೆಪ್ಪ. ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನಾಲ್ಕನೆಯದನ್ನೂ ನೋಡಿದ.